ತಂಬೂರಿಯ ಅಡಿಯ ಗುಂಯ್ ಸದ್ದು: ಪವರ್ ಕೇಬಲ್ ಬದಲಿಸಿ ನೋಡಿದ್ದು

ಹೈ-ಫೈ ಹುಚ್ಚಿರುವವರ, ಅಂದರೆ ಮನೆಯಲ್ಲಿ ಒಳ್ಳೆ ದನಿಯಲ್ಲಿ ಹಾಡು ಕೇಳುವ ಹುಚ್ಚಿನವರ, ನಡುವೆ ಆಂಪ್ಲಿಫೈಯರನ್ನು ಸಾಕೆಟ್ಟಿಗೆ ಸೇರಿಸುವ ಪವರ್ ಕೇಬಲ್ ಮಾತು ಬಂದರೆ ಸಾಕು, ಎರಡು ಪಕ್ಷ ಆಗಿಬಿಡುತ್ತದೆ. ಕೇಬಲ್ ಬದಲಿಸಿದ ಕೂಡಲೇ ಹಾಡು ಬೇರೆಯೇ ಆಯಿತು ಅನ್ನುವವರು ಕೆಲವರು. ಗೋಡೆಯೊಳಗೆ ಅಷ್ಟುದ್ದ ಹಳೇ ವೈರ್ ಇರುವಾಗ ಕೊನೆಯ ಒಂದೂವರೆ ಮೀಟರ್ ಏನು ಮಾಡೀತು ಅನ್ನುವವರು ಉಳಿದವರು. ಮುಂಬೈಯ ಮಾಟುಂಗಾದ ನಮ್ಮ ಮನೆಯಲ್ಲಿ ನಾನು ಇದನ್ನು ಮಾಡಿಯೇ ನೋಡಿದೆ.

ನನಗೆ ಇದ್ದ ತೊಂದರೆ ಒಂದೇ, ಗುಂಯ್ ಸದ್ದು. ನಾನು ಜಾಸ್ತಿ ಕೇಳುವುದು ಮನ್ಸೂರರನ್ನು, ಭೀಮಸೇನ ಜೋಶಿಯವರನ್ನು. ಆಲಾಪದ ಶುರುವಿನಲ್ಲಿ ಬರೀ ತಂಬೂರಿ ಇರುತ್ತದಲ್ವಾ, ಅಲ್ಲೇ ಇದು ಕಾಡುವುದು. ನಮ್ಮ ಕರೆಂಟು 50 ಹರ್ಟ್ಸ್. ಅದರ ಇಮ್ಮಡಿ 100 ಹರ್ಟ್ಸ್ ಸ್ಪೀಕರಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿ) ಹಾಡುವ ಗಂಡುದನಿಗೆ ತಂಬೂರಿ ಶ್ರುತಿ ಮಾಡಿದರೆ ಮಂದ್ರ ಪಂಚಮದ, ಅಂದರೆ ಕೆಳಗಿನ ಪ ಸ್ವರದ, ತಂತಿ ಸುಮಾರು 104 ಹರ್ಟ್ಸ್‌ಗೆ ನಿಲ್ಲುತ್ತದೆ. 100 ಮತ್ತು 104 ಒಟ್ಟಿಗೆ ಬಂದರೆ ಸೆಕೆಂಡಿಗೆ ನಾಲ್ಕು ಸಲ ಸದ್ದು ಏರಿಳಿಯುತ್ತದೆ. ಶ್ರುತಿ ಅಲುಗಿದ ಹಾಗೆ ಕೇಳುತ್ತದೆ. ತಂಬೂರಿ ನುಡಿಸಿದವರು ಚೆನ್ನಾಗಿಯೇ ಶ್ರುತಿ ಮಾಡಿದ್ದರು, ಅದನ್ನು ಕೆಡಿಸುತ್ತಿದ್ದದ್ದು ನಮ್ಮ ಮನೆಯ ಕರೆಂಟು. ಇದು ಗೊತ್ತಾದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಲೆಕ್ಕ ಹಾಕಿದೆ. ಆಂಪ್ಲಿಫೈಯರ್ ಜೊತೆ ಬಂದ ಕೇಬಲ್ 0.75 ಸ್ಕ್ವೇರ್ ಎಂಎಂ, ಉದ್ದ ಒಂದೂವರೆ ಮೀಟರ್. ಕರೆಂಟು ಹೋಗಿ ಬರುವ ದಾರಿ ಮೂರು ಮೀಟರ್ ತಾಮ್ರ. ಅದರ ರೆಸಿಸ್ಟೆನ್ಸ್ ಸುಮಾರು 0.07 ಓಮ್. ಅರ್ಧ ಆಂಪಿಯರ್ ಎಳೆದರೆ ಕಳೆದುಹೋಗುವುದು 0.035 ವೋಲ್ಟ್. 0.75ರ ಬದಲು 1.5 ಸ್ಕ್ವೇರ್ ಎಂಎಂ ಹಾಕಿದರೆ ಅದು ಅರ್ಧ ಆಗುತ್ತದೆ, ಅಷ್ಟೇ. 230 ವೋಲ್ಟಿನ ಮುಂದೆ ಇದು ಏನೂ ಅಲ್ಲ. ಸಂಜೆ ಹೊತ್ತು ಮಲ್ಟಿಮೀಟರ್ ಹಿಡಿದರೆ ನಮ್ಮ ಸಾಕೆಟ್ಟಿನಲ್ಲಿ ವೋಲ್ಟುಗಳೇ ಮೇಲೆ ಕೆಳಗೆ ಆಗುತ್ತಿರುತ್ತವೆ. ಅದೂ ಅಲ್ಲದೆ, ಆಂಪ್ಲಿಫೈಯರಿನ ಒಳಗೆ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ದೊಡ್ಡ ಕೆಪ್ಯಾಸಿಟರುಗಳು ಸೇರಿ ಈ ಕರೆಂಟನ್ನು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಮಾಡಿ ನಯಗೊಳಿಸಿದ ಮೇಲೆಯೇ ಅದು ಹಾಡಿನ ಕೆಲಸಕ್ಕೆ ಬರುವುದು. ಹಾಗಾಗಿ ದಪ್ಪ ತಾಮ್ರದಿಂದ ದನಿ ಬದಲಾಗುತ್ತದೆ ಅನ್ನುವ ಆಸೆ ನನಗಿರಲಿಲ್ಲ. ಗುಂಯ್ ಕಡಿಮೆ ಆದೀತು ಅನ್ನುವ ಆಸೆ ಇತ್ತು.

ಲೋಹಾರ್ ಚಾಳ್‌ಗೆ ಹೋದೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಆ ಗಲ್ಲಿಯಲ್ಲಿ ಕರೆಂಟಿನ ಯಾವ ಸಾಮಾನು ಕೇಳಿದರೂ ಸಿಗುತ್ತದೆ, ವೈರ್ ಮೀಟರ್ ಲೆಕ್ಕದಲ್ಲೇ ಕತ್ತರಿಸಿ ಕೊಡುತ್ತಾರೆ. 1.5 ಸ್ಕ್ವೇರ್ ಎಂಎಂ, ಮೂರು ಕೋರ್ (ಒಳಗೆ ಮೂರು ವೈರ್), ಅವುಗಳ ಸುತ್ತ ಹೆಣೆದ ತಾಮ್ರದ ಶೀಲ್ಡ್ (ಹೊದಿಕೆ) ಇರುವುದನ್ನು ಕೇಳಿ ತಗೊಂಡೆ. ಕೋರುಗಳು ಒಂದಕ್ಕೊಂದು ಹುರಿಯಾಗಿರಬೇಕು, ಅದನ್ನು ತುದಿ ಬಿಚ್ಚಿಸಿ ನೋಡಿದೆ. ಶೀಲ್ಡ್ 50 ಹರ್ಟ್ಸಿನ ಕಾಂತಕ್ಷೇತ್ರವನ್ನು ಅಷ್ಟಾಗಿ ತಡೆಯುವುದಿಲ್ಲ. ಅದನ್ನು ಕಡಿಮೆ ಮಾಡುವುದು ಈ ಹುರಿಯೇ.

ಮನೆಗೆ ಬಂದು ಒಂದು ತುದಿಗೆ 6 ಆಂಪಿಯರಿನ ಮೂರು ಪಿನ್ ಪ್ಲಗ್, ಇನ್ನೊಂದಕ್ಕೆ ಆಂಪ್ಲಿಫೈಯರಿನ ಹಿಂದೆ ಚುಚ್ಚುವ ಸಿ13 ಕನೆಕ್ಟರ್ ಹಾಕಿದೆ. ಕಂದು ವೈರ್ ಎಲ್ ಅಂತ ಬರೆದ ಪಿನ್ನಿಗೆ, ನೀಲಿ ಎನ್‌ಗೆ, ಹಸಿರು-ಹಳದಿ ಅರ್ಥಿಂಗ್‌ಗೆ. ಶೀಲ್ಡನ್ನು ಪ್ಲಗ್ ಕಡೆಯಲ್ಲಿ ಮಾತ್ರ ಅರ್ಥಿಂಗ್‌ಗೆ ಸೇರಿಸಿದೆ. ಇನ್ನೊಂದು ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿದೆ. ಅರ್ಥಿಂಗ್ ವೈರನ್ನು ಬೇರೆಯವಕ್ಕಿಂತ ಸ್ವಲ್ಪ ಉದ್ದ ಬಿಟ್ಟಿದ್ದೇನೆ. ಯಾರಾದರೂ ಕೇಬಲ್ ಜಗ್ಗಿದರೆ ಅದು ಕೊನೆಗೆ ಕಿತ್ತುಬರಬೇಕು. ಕರೆಂಟು ಕೊಡುವ ಮೊದಲು ಮಲ್ಟಿಮೀಟರಿನಲ್ಲಿ ಮೂರೂ ದಾರಿ ನೋಡಿಕೊಂಡೆ. ಇಷ್ಟು ಮಾಡಲು ಕೈ ಹಿಡಿತವಿಲ್ಲದಿದ್ದರೆ ವೈರ್‌ಮನ್ನನ್ನೇ ಕರೆಯಿರಿ, 230 ವೋಲ್ಟ್ ಜೊತೆ ಕಲಿಯುವ ಕೆಲಸ ಬೇಡ.

ಹಳೇ ಪ್ಲಗ್ ಎಳೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ಪಿನ್ನಿನ ಬದಿ ಕಂದಾಗಿತ್ತು, ಬೆರಳಿನಿಂದ ಉಜ್ಜಿದರೂ ಹೋಗಲಿಲ್ಲ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ, ಪ್ಲಗ್ ಬರೀ ಭಾರಕ್ಕೆ ವಾಲಿ ನಿಂತಿತ್ತು. ಆಗಾಗ ಸ್ಪೀಕರಿನಲ್ಲಿ ಬರುತ್ತಿದ್ದ ಚಟ್ ಚಟ್ ಇಲ್ಲಿಂದಲೇ. ವೈರ್‌ಮನ್ ಬಂದು ಸಾಕೆಟ್ ಬದಲಿಸಿ, ಬೋರ್ಡಿನ ಹಿಂದೆ ಸಡಿಲಾಗಿದ್ದ ಅರ್ಥಿಂಗ್ ಸ್ಕ್ರೂ ಬಿಗಿ ಮಾಡಿದರು. ಚಟ್ ಚಟ್ ಅವತ್ತೇ ನಿಂತಿತು. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ಕಾದ ಸಾಕೆಟ್ಟು ಬೆಂಕಿಗೂ ದಾರಿ.

ಆಮೇಲೆ ಹೊಸ ಕೇಬಲ್ ಹಾಕಿದೆ. ರ‍್ಯಾಕಿನ ಹಿಂದೆ ಟರ್ನ್‌ಟೇಬಲ್ಲಿನ ಸಿಗ್ನಲ್ ವೈರೂ ಪವರ್ ಕೇಬಲ್ಲೂ ಜೊತೆಜೊತೆಗೇ ಇಳಿಯುತ್ತಿದ್ದವು, ಅವನ್ನು ಬೇರೆ ಬೇರೆ ಬದಿಗೆ ಸರಿಸಿದೆ. ದಾಟಲೇಬೇಕಾದ ಕಡೆ ಅಡ್ಡಕ್ಕೆ ದಾಟಿಸಿದೆ. ಗುಂಯ್ ಎಷ್ಟು ಇಳಿಯಿತೆಂದರೆ ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುವಷ್ಟು. ಆದರೆ ಇದು ಕೇಬಲ್ಲಿನಿಂದಲೋ ಸರಿಸಿದ್ದರಿಂದಲೋ? ಅದಕ್ಕೆ ಹಳೇ ಕೇಬಲ್ಲನ್ನೇ ಹೊಸ ದಾರಿಯಲ್ಲಿ ಹಾಕಿ ಕೇಳಿದೆ. ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಹಾಗಾದರೆ ಕೆಲಸ ಮಾಡಿದ್ದು ಬಹುಪಾಲು ಅಂತರ. ಹೊಸ ಕೇಬಲ್ ಕೊಟ್ಟದ್ದು ಆಂಪ್ಲಿಫೈಯರಿನ ಹಿಂದೆ ಅಲುಗಾಡದ ಬಿಗಿ.

ಡೊಂಬಿವಲಿಯ ಗೆಳೆಯರೊಬ್ಬರ ಹತ್ತಿರ ಬಹಳ ದುಬಾರಿಯ ಕೇಬಲ್ ಇದೆ. ವಿಷಯ ಕೇಳಿ, "ಒಂದು ವಾರ ಇಟ್ಕೊಳ್ಳಿ ಮಾರಾಯ್ರೆ, ಕೇಳಿ ನೋಡಿ, ಆಮೇಲೆ ಮಾತಾಡುವ" ಅಂತ ತಂದು ಕೊಟ್ಟರು. ಮಗನನ್ನು ರ‍್ಯಾಕಿನ ಹಿಂದೆ ಕೂರಿಸಿದೆ. ಯಾವ ಕೇಬಲ್ ಹಾಕಿದ್ದೇನೆಂದು ಅವನು ಚೀಟಿಯಲ್ಲಿ ಬರೆಯುವುದು, ನಾನು ಕೇಳಿ ಹೇಳುವುದು. ಕೆಲವು ಸಲ ಹಾಕಿದ್ದನ್ನೇ ತೆಗೆದು ಹಾಕು ಅಂತಲೂ ಹೇಳಿದ್ದೆ. ವಾಲ್ಯೂಮ್ ಮುಟ್ಟಲಿಲ್ಲ, ಹಾಡಿನ ತುಣುಕೂ ಅದೇ. ಗೆಳೆಯರನ್ನೂ ಕರೆದು ಕೂರಿಸಿದೆ. ಚೀಟಿ ತೆಗೆದು ನೋಡಿದರೆ ನಮ್ಮಿಬ್ಬರ ಉತ್ತರಗಳೂ ನಾಣ್ಯ ಚಿಮ್ಮಿದ ಹಾಗೇ ಇದ್ದವು. ಅವರು ಸ್ವಲ್ಪ ಹೊತ್ತು ಚೀಟಿಗಳನ್ನೇ ನೋಡಿ, "ನಮ್ಮನೆ ಸಾಕೆಟ್ಟೂ ಒಮ್ಮೆ ನೋಡ್ಬೇಕು" ಅಂದರು. ಕೇಬಲ್ ಅವರಿಗೆ ಇಷ್ಟ, ಮಾಡಿದ ಕೆಲಸವೂ ಅಚ್ಚುಕಟ್ಟು. ಇಟ್ಟುಕೊಳ್ಳಲಿ.

ಗುಂಯ್ ಹೋಗಲೆಂದು ಅರ್ಥಿಂಗ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒಳಗೆ ವೈರ್ ಬಿಚ್ಚಿ ಡಬ್ಬಿಗೆ ತಾಗಿದರೆ ಜೀವ ಉಳಿಸುವುದು ಅದೇ. ಎರಡು ಸಾಕೆಟ್ಟುಗಳ ಅರ್ಥಿಂಗ್ ನಡುವೆ ಸುತ್ತು ಬಿದ್ದು ಗುಂಯ್ ಬರುತ್ತಿದ್ದರೆ ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಬೋರ್ಡಿಗೆ ತನ್ನಿ. ಡಿಶ್ ಅಥವಾ ಕೇಬಲ್ ಟಿವಿಯ ವೈರ್ ಆಂಪ್ಲಿಫೈಯರಿಗೆ ಸೇರಿದ್ದರೆ ಅದನ್ನು ಒಮ್ಮೆ ಕಿತ್ತು ಕೇಳಿ.

ಇನ್ನು ನನಗೆ ಉಳಿದಿರುವುದು ಆಂಪ್ಲಿಫೈಯರಿನ ಪೆಟ್ಟಿಗೆಯೊಳಗಿಂದಲೇ ಬರುವ ಸಣ್ಣ ಗುಂಯ್. ಅದು ಟ್ರಾನ್ಸ್‌ಫಾರ್ಮರಿನದು, ಕೆಲವು ಹೊತ್ತಿನಲ್ಲಿ ಜಾಸ್ತಿ. ಲೈನಿನಲ್ಲಿ ಸ್ವಲ್ಪ ಡಿಸಿ ಸೇರಿಕೊಂಡರೂ ದೊಡ್ಡ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಹೀಗೆ ಮಾಡುತ್ತದೆ. ಅದಕ್ಕೆ ಆ ಡಿಸಿಯನ್ನು ತಡೆಯುವ ಡಿಸಿ ಬ್ಲಾಕರ್ ಹಾಕಿ ನೋಡಬೇಕು ಅಂತಿದ್ದೇನೆ.