ಕೋರ್ಟಿನ ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ಯಾರಿಗೆ ಬರೆಯಬೇಕು?

ವಾಯಿದೆ ದಿನ ಶ್ರೀನಿವಾಸಪುರದ ಆಚೆಯ ಹಳ್ಳಿಯಿಂದ ಮೊದಲ ಬಸ್ಸಿಗೇ ಹತ್ತಿ ಕೋಲಾರಕ್ಕೆ ಬರುವವರು ಕೋರ್ಟಿನಲ್ಲಿ ಜಾಸ್ತಿ ಏನನ್ನೂ ಕೇಳುವುದಿಲ್ಲ. ಕೂರಲು ಜಾಗ, ಕುಡಿಯಲು ನೀರು, ಬೀಗ ಹಾಕಿರದ ಶೌಚಾಲಯ ಇದ್ದರೆ ಸಾಕು. ಇದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ, ಅಲ್ವಾ? ಆದರೆ ನಮ್ಮವರು ಅರ್ಜಿ ಬರೆಯಲು ಕೂತರೆ 'ಸೂಕ್ತ ಮೂಲಸೌಕರ್ಯ ಒದಗಿಸಬೇಕಾಗಿ ವಿನಂತಿ' ಅಂತ ಬರೆದು ಸಹಿ ಹಾಕಿಬಿಡುತ್ತಾರೆ. ಅಂಥ ಅರ್ಜಿಯನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ. ಸುಮ್ನೆ ಫೈಲು ಸೇರುತ್ತದೆ.

ಹಾಗಾಗಿ ಯಾವುದು ಯಾರ ಕೆಲಸ ಅಂತ ಮೊದಲು ವಿಂಗಡಿಸಿಕೊಳ್ಳಿ. ಕಸ ಗುಡಿಸುವುದು, ಬೀಗದ ಕೈ, ಬೆಂಚು, ಬೋರ್ಡು ಇವೆಲ್ಲ ಕೋರ್ಟಿನ ಆಡಳಿತದ್ದು. ಅರ್ಜಿ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರ ಹೆಸರಿಗೆ ಇರಲಿ, ಮುಖ್ಯ ಆಡಳಿತಾಧಿಕಾರಿಗೆ ಒಂದು ಪ್ರತಿ ಕೊಡಿ. ಸೋರುವ ತಾರಸಿ, ಪೈಪು, ವೈರಿಂಗು ಲೋಕೋಪಯೋಗಿ ಇಲಾಖೆಯದ್ದು, ಆದರೆ ಅವರು ಕೈಹಾಕಬೇಕಾದರೆ ಕೋರ್ಟಿನಿಂದ ಪತ್ರ ಹೋಗಬೇಕು. ಆದ್ದರಿಂದ 'ರಿಪೇರಿ ಮಾಡಿಸಿ' ಅನ್ನುವ ಬದಲು 'ಇಲಾಖೆಗೆ ಪತ್ರ ಬರೆಯಿರಿ' ಅಂತ ಕೇಳಿ, ಆಮೇಲೆ ಆ ಪತ್ರದ ನಂಬರು ಪಡೆದುಕೊಳ್ಳಿ. ಹೊಸ ಕಟ್ಟಡದ ಮಾತು ಬೇರೆ. ಅದಕ್ಕೆ 1993-94ರಿಂದ ಕೇಂದ್ರದ ಯೋಜನೆಯೇ ಇದೆ, ಈಗ ಕೇಂದ್ರ 60, ರಾಜ್ಯ 40 ಪಾಲು ಹಾಕುತ್ತವೆ. ಅದು ವರ್ಷಗಟ್ಟಲೆಯ ವ್ಯವಹಾರ, ಚಿಲಕದ ಅರ್ಜಿ ಜೊತೆ ಕಲಸಬೇಡಿ.

ಬರೆಯುವ ಮುಂಚೆ ಜನ ತುಂಬಿರುವ ಹೊತ್ತಿಗೆ ಒಂದು ಸುತ್ತು ಹಾಕಿ. 'ಶೌಚಾಲಯ ಸರಿಯಿಲ್ಲ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 'ಮೊದಲ ಮಹಡಿಯ ಮಹಿಳೆಯರ ಶೌಚಾಲಯದಲ್ಲಿ ಎರಡನೇ ಬಾಗಿಲಿಗೆ ಒಳಚಿಲಕ ಇಲ್ಲ, ನಲ್ಲಿಯಲ್ಲಿ ನೀರು ಬರುತ್ತಿಲ್ಲ' ಅಂತ ಬರೆದರೆ ಪ್ಲಂಬರನ್ನು ಕಳಿಸಬಹುದು. ಫೋಟೋ ತೆಗೆಯುವುದಾದರೆ ಮೊದಲು ಕಚೇರಿಯಲ್ಲಿ ಕೇಳಿ, ಕೋರ್ಟ್ ಹಾಲಿನೊಳಗಂತೂ ಫೋನ್ ಹೊರಗೆ ತೆಗೆಯಲೇಬೇಡಿ. ಅರ್ಜಿಯಲ್ಲಿ ಒಂದು ಸಾಲು ಇದೂ ಇರಲಿ: ರಾಜೀಬ್ ಕಲಿತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜನವರಿ 15ರಂದು, ಎಲ್ಲ ಕೋರ್ಟುಗಳಲ್ಲೂ ಪುರುಷರು, ಮಹಿಳೆಯರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಇರಬೇಕು ಅಂತ ಆದೇಶ ಕೊಟ್ಟಿದೆ.

ನೀರಿನ ವಿಷಯ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಬೇರೆ. ಕೋಲಾರದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಇದೆ, ಗಡಸೂ ಹೌದು. ನಲ್ಲಿ ಬಾಯಿಗೆ ಬಿಳಿ ಉಪ್ಪು ಕಟ್ಟಿರುವುದನ್ನು ನೀವೇ ನೋಡಿರುತ್ತೀರಿ, ಫಿಲ್ಟರಿನ ಒಳಗೂ ಹಾಗೇ ಕಟ್ಟುತ್ತದೆ. ಯಾರೋ ದಾನಿಗಳು ಮಶೀನು ಕೊಡುತ್ತಾರೆ, ಸರ್ವೀಸಿಗೆ ದಿಕ್ಕಿರುವುದಿಲ್ಲ, ಮಶೀನು ಕೆಟ್ಟ ಮೇಲೂ ದಾನಿಯ ಹೆಸರಿನ ಫಲಕ ಮಾತ್ರ ಫಳಫಳ ಅನ್ನುತ್ತಿರುತ್ತದೆ. ಕೇಳುವುದಾದರೆ ಮಶೀನಿನ ಜೊತೆ ವಾರ್ಷಿಕ ನಿರ್ವಹಣೆಯ ಕರಾರನ್ನೂ ಕೇಳಿ. ಕೊನೆಯ ಸರ್ವೀಸ್ ಯಾವತ್ತು ಆಯಿತು ಅಂತ ಅದರ ಮೇಲೇ ಚೀಟಿ ಅಂಟಿಸಲಿ.

ಕೆಲಸ ನಡೆಯುವ ರೀತಿ ಬದಲಾಗಬೇಕಾದರೆ ವಕೀಲರ ಸಂಘದ ಮೂಲಕವೇ ಹೋಗಿ. ಅಟೆಂಡರು ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ ಹೊರಗೆ ಮರದಡಿ ಕೂತ ಅಜ್ಜಿಗೆ ಕೇಳಿಸುವುದಿಲ್ಲ, ಕೇಸು ಪಾಸ್ ಓವರ್ ಆಗುತ್ತದೆ, ಅಂದರೆ ಆಗ ಬದಿಗಿಟ್ಟು ಮುಂದಿನ ಕೇಸು ಕರೆಯುತ್ತಾರೆ. ವರಾಂಡದಲ್ಲಿ ಒಂದು ಸ್ಪೀಕರು, ಕೇಸಿನ ನಂಬರು ತೋರಿಸುವ ಪರದೆ, ಸಾಕ್ಷಿ ವಿಚಾರಣೆಗೆ ಒಂದು ಗೊತ್ತಾದ ಸಮಯ, ಇಷ್ಟನ್ನು ಸಂಘದವರು ನ್ಯಾಯಾಧೀಶರ ಜೊತೆ ಕೂತು ಮಾತಾಡಬಹುದು. ನಿಮ್ಮ ಕೇಸು ಕರೆದಾಗ ನೀವೇ ಎದ್ದು ನಿಂತು ಇದನ್ನೆಲ್ಲ ಹೇಳಲು ಹೋಗಬೇಡಿ. ಅಷ್ಟರಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ನಂಬರು, ಅಂದರೆ ಪ್ರತಿ ಕೇಸಿಗೂ ಬೇರೆಬೇರೆ ಇರುವ, ಅಕ್ಷರ ಅಂಕಿ ಸೇರಿ 16 ಇರುವ ಗುರುತಿನ ನಂಬರು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು ಅಂತ ಮನೆಯಲ್ಲೇ ನೋಡಬಹುದು, ಇಲ್ಲದ ವಾಯಿದೆಗೆ ಬಸ್ ಚಾರ್ಜು ಕಳೆಯುವುದು ತಪ್ಪುತ್ತದೆ.

ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ಪತ್ರ ಹೋಗಿಯೂ ಕೆಲಸ ಆಗದಿದ್ದರೆ ಲೋಕೋಪಯೋಗಿ ಇಲಾಖೆಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು. 'ಇಂಥ ನಂಬರಿನ ಪತ್ರದ ಮೇಲೆ ಏನು ಕ್ರಮ ಆಗಿದೆ, ಅಂದಾಜುಪಟ್ಟಿಯ ನಕಲು ಕೊಡಿ' ಅಂದರೆ ಸಾಕು. ಉತ್ತರ ಕೊಡಲು ಅವರಿಗೆ 30 ದಿನ ಇದೆ.