ಸ್ಟೀಲ್ ನಿಬ್ಬಿಗೆ ಉರಿಯ ಬಣ್ಣ

ಫೌಂಟನ್ ಪೆನ್ನಿನ ಸಾದಾ ಸ್ಟೀಲ್ ನಿಬ್ಬಿಗೆ ಜೇನುಬಣ್ಣ, ನೇರಳೆ, ನೀಲಿ ಬರಿಸಲು ಪೇಂಟ್ ಬೇಕಿಲ್ಲ, ಉರಿ ಸಾಕು. ಕಾದ ಲೋಹದ ಮೇಲೆ ಆಕ್ಸೈಡಿನ ತೀರಾ ತೆಳು ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆಲ್ಲ ನಮಗೆ ಕಾಣುವ ಬಣ್ಣವೂ ಬದಲಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 290 ಡಿಗ್ರಿ ಸೆಲ್ಸಿಯಸ್‌ಗೆ ತಿಳಿಹಳದಿ, 390ಕ್ಕೆ ಕಂದು, 450ಕ್ಕೆ ಕಡುನೇರಳೆ, 540ಕ್ಕೆ ನೀಲಿ. ಗಡಿಯಾರದ ನೀಲಿ ಮುಳ್ಳುಗಳು ಕಾರ್ಬನ್ ಸ್ಟೀಲಿನವು, 300ರ ಆಸುಪಾಸಿನಲ್ಲೇ ನೀಲಿಯಾಗುತ್ತವೆ. ಆ ಲೆಕ್ಕ ಹಿಡಿದು ಸ್ಟೇನ್‌ಲೆಸ್ ನಿಬ್ ಕಾಯಿಸಿದರೆ ಹಳದಿಯಲ್ಲೇ ನಿಲ್ಲುತ್ತದೆ.

ಚಿನ್ನದ ನಿಬ್ಬಿಗೆ ಈ ಕೆಲಸ ಬೇಡವೇ ಬೇಡ. ಗಿಲೀಟು ನಿಬ್ಬಾದರೆ ಮೊದಲು ಬ್ರಾಸೋ (ಲೋಹದ ಪಾಲಿಶ್) ಹಾಕಿ ಗಿಲೀಟು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಉಪ್ಪುನೀರಿಗೆ 9 ವೋಲ್ಟ್ ಬ್ಯಾಟರಿ ಹಚ್ಚಿ ಗಿಲೀಟು ಬಿಡಿಸುವವರೂ ಇದ್ದಾರೆ. ಅದರಲ್ಲಿ ಸ್ಟೀಲಿಗೆ ಸಣ್ಣ ಗುಳಿ ಬೀಳುತ್ತದೆ, ಕ್ಲೋರಿನ್ ಅನಿಲವೂ ಹೊರಡುತ್ತದೆ. ನಾನು ಉಜ್ಜುವುದನ್ನೇ ಒಪ್ಪುತ್ತೇನೆ.

ನಿಬ್ಬಿನಡಿ ಕೂತು ಇಂಕು ಹರಿಸುವ ಫೀಡ್ ಎಬೊನೈಟಿನದೋ (ಗಟ್ಟಿ ರಬ್ಬರು) ಪ್ಲಾಸ್ಟಿಕ್ಕಿನದೋ ಇರುತ್ತದೆ, ಉರಿಯ ಹತ್ತಿರವೂ ತರಬಾರದು. ನಿಬ್ಬನ್ನು ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೆ ಬ್ರಷ್ಷಿಂದ ತಿಕ್ಕಿ, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಆಮೇಲೆ ಬೆರಳು ತಾಗಿಸುವಂತಿಲ್ಲ. ಬೆರಳಿನ ಜಿಡ್ಡು ಉಳಿದಲ್ಲಿ ಬಣ್ಣ ಕಲೆಕಲೆಯಾಗಿ ಏಳುತ್ತದೆ. ಸೀಳಿನೊಳಗೆ ಒಣಗಿದ ಇಂಕು ಉಳಿದಿದ್ದರೆ ಸುಟ್ಟು ಅಲ್ಲೇ ಕಚ್ಚಿಕೊಳ್ಳುತ್ತದೆ.

ಮೇಣದಬತ್ತಿ ಮಸಿ ಹಿಡಿಸುತ್ತದೆ. ಸ್ಪಿರಿಟ್ ದೀಪವೋ ಅಡುಗೆಯ ಪುಟ್ಟ ಗ್ಯಾಸ್ ಟಾರ್ಚೋ ಒಳ್ಳೆಯದು. ಚಿಮಟದಲ್ಲಿ ನಿಬ್ಬಿನ ಬಾಲದ ತುದಿಯನ್ನಷ್ಟೇ ಹಿಡಿಯಿರಿ. ಚಿಮಟ ಶಾಖ ಎಳೆದುಕೊಳ್ಳುವುದರಿಂದ ಹಿಡಿದ ಜಾಗ ಬೆಳ್ಳಗೇ ಉಳಿಯುತ್ತದೆ. ಅದು ಹೇಗೂ ಪೆನ್ನಿನೊಳಗೆ ಹೋಗುವ ಭಾಗ.

ಇನ್ನು ಉರಿ ತಾಗಿಸುವ ಜಾಗ. ಮೊನೆಯ ಕಡೆಯಿಂದ ಕಾಯಿಸಿದರೆ ತೆಳುವಾದ ಎರಡು ಕವಲುಗಳು ಕ್ಷಣದಲ್ಲಿ ನೀಲಿ ದಾಟಿ ಬೂದಾಗುತ್ತವೆ, ಹಿಂದಿನ ಭಾಗ ಇನ್ನೂ ಬೆಳ್ಳಗಿರುತ್ತದೆ. ಮಧ್ಯದ ತೂತಿನ ಹಿಂಬದಿಗೆ, ನಿಬ್ಬಿನ ಒಳಮೈಗೆ ಉರಿಯ ತುದಿ ತಾಗುವಂತೆ ಹಿಡಿದು ಅಲ್ಲಾಡಿಸುತ್ತಿರಿ. ಮೊದಲು ಹಳದಿ ಕಾಣಿಸಿ ಮೊನೆಯತ್ತ ಹರಿಯುತ್ತದೆ, ಅದರ ಬೆನ್ನಿಗೆ ಕಂದು, ನೇರಳೆ. ಬೇಕಾದ ಬಣ್ಣಕ್ಕೆ ಒಂದು ಹೆಜ್ಜೆ ಮುಂಚೆಯೇ ಉರಿಯಿಂದ ತೆಗೆಯಿರಿ. ಒಳಗಿನ ಕಾವಿಗೆ ಅದು ಇನ್ನೊಂದು ಹೆಜ್ಜೆ ನಡೆದೇ ನಡೆಯುತ್ತದೆ. ಟೈಲ್ಸಿನ ತುಂಡಿನ ಮೇಲಿಟ್ಟು ತಣಿಯಲು ಬಿಡಿ, ನೀರಲ್ಲಿ ಅದ್ದಬೇಡಿ, ಕವಲು ಸೊಟ್ಟಗಾದೀತು. ನಿಬ್ ಕೆಂಪಗೆ ಕಾಯುವಷ್ಟು ಬಿಡಲೇಬಾರದು: ಸ್ಟೀಲ್ ಮೆತ್ತಗಾಗಿ, ಒತ್ತಿದಾಗ ಅಗಲವಾದ ಕವಲುಗಳು ಮತ್ತೆ ಕೂಡುವುದಿಲ್ಲ. ಕೆಲಸ ಹಗಲ ಬೆಳಕಲ್ಲೇ ಆಗಲಿ. ಹಳದಿ ಬಲ್ಬಿನಡಿ ಜೇನುಬಣ್ಣ ಕಣ್ಣಿಗೆ ಬೀಳುವಷ್ಟರಲ್ಲಿ ನೇರಳೆಯಾಗಿರುತ್ತದೆ.

ಬಣ್ಣ ಹಿಡಿಸಲಿಲ್ಲವೇ? ಬ್ರಾಸೋ ಉಜ್ಜಿದರೆ ಬೆಳ್ಳಿಬಣ್ಣ ಮರಳುತ್ತದೆ, ಮತ್ತೆ ಮೊದಲಿಂದ ಶುರು. ಕೆತ್ತನೆಯ ಗೆರೆಗಳನ್ನು ಮಾತ್ರ ಬೆಳ್ಳಗೆ ಎದ್ದು ಕಾಣಿಸುವ ಆಸೆಯಿದ್ದರೆ ಬಣ್ಣ ಬಂದ ಮೇಲೆ ಬಿಳಿ ಎನಾಮೆಲ್ ಪೇಂಟ್ ತುಂಬಿ ಮೇಲ್ಮೈ ಒರೆಸಬಹುದು.

ಜೋಡಿಸುವ ಮುಂಚೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಪುಟ್ಟ ಭೂತಗನ್ನಡಿ) ಎರಡು ಮೊನೆಗಳೂ ಒಂದೇ ಮಟ್ಟದಲ್ಲಿವೆಯೇ ನೋಡಿ. ಏರುಪೇರಿದ್ದರೆ ಬರೆಯುವಾಗ ಕಾಗದ ಕೆರೆಯುತ್ತದೆ. ಕಾಯಿಸಿದ ಮೇಲ್ಮೈಗೆ ತುಕ್ಕು ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಆಮ್ಲದ ಗುಣವಿರುವ ಐರನ್ ಗಾಲ್ ಇಂಕು ತುಂಬಿ ವಾರಗಟ್ಟಲೆ ಇಡಬೇಡಿ.