ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಡೆಲಿರಿಯಂ ಗುರುತಿಸುವುದು ಹೇಗೆ?

ಡಿಮೆನ್ಷಿಯಾ ಇರುವವರು ಒಂದೆರಡು ದಿನದಲ್ಲೇ ತೀರಾ ಬೇರೆಯಾಗಿಬಿಟ್ಟರೆ ‘ಮರೆವು ಜಾಸ್ತಿಯಾಯಿತು’ ಎಂದುಕೊಂಡು ಸುಮ್ಮನಾಗಬೇಡಿ. ಅಲ್ಜೈಮರ್ಸ್‌ನಂಥ ಕಾಯಿಲೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರುವಾಗಿ, ಏರಿಳಿಯುತ್ತಾ ಇರುವ ಗೊಂದಲವನ್ನು ಬೇರೆ ಕಾರಣ ಸಿಗುವ ತನಕ ಡೆಲಿರಿಯಂ ಎಂದೇ ನೋಡಬೇಕು. ಅದರ ಹಿಂದೆ ಸೋಂಕೋ, ಔಷಧವೋ, ಮಲಬದ್ಧತೆಯೋ, ಇಂಥ ಯಾವುದೋ ಕಾರಣ ಇರುತ್ತದೆ. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಬಹಳ ಮಂದಿ ಸುಧಾರಿಸುತ್ತಾರೆ. ತಡವಾದರೆ ಜೀವಕ್ಕೇ ಅಪಾಯ.

ಹಾಗಾಗಿ ಮೊದಲ ಪ್ರಶ್ನೆ ಒಂದೇ: ಹೋದ ವಾರ ಹೇಗಿದ್ದರು? ಇದಕ್ಕೆ ಉತ್ತರ ಗೊತ್ತಿರುವುದು ಜೊತೆಗಿದ್ದು ನೋಡಿಕೊಳ್ಳುವವರಿಗೆ ಮಾತ್ರ. ಮೊದಲ ಸಲ ನೋಡುವ ವೈದ್ಯರಿಗೆ ಎಲ್ಲವೂ ಡಿಮೆನ್ಷಿಯಾದಂತೆಯೇ ಕಾಣಬಹುದು. ಚೆನ್ನಾಗಿರುವ ದಿನವೇ ಒಂದು ಹಾಳೆಯಲ್ಲಿ ಬರೆದಿಡಿ: ಯಾರನ್ನು ಗುರುತಿಸುತ್ತಾರೆ, ಎಷ್ಟು ಮಾತಾಡುತ್ತಾರೆ, ತಾವೇ ಊಟ ಮಾಡುತ್ತಾರೆಯೇ, ಆಸರೆಯಿಲ್ಲದೆ ನಡೆಯುತ್ತಾರೆಯೇ, ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ.

ನೆನಪನ್ನು ಪರೀಕ್ಷಿಸಿ ಪ್ರಯೋಜನವಿಲ್ಲ, ಅದು ಮೊದಲೇ ಕುಂದಿರುತ್ತದೆ. ನೋಡಬೇಕಾದದ್ದು ಗಮನ ಮತ್ತು ಎಚ್ಚರ. ಕನ್ನಡಕ, ಶ್ರವಣಯಂತ್ರ ಹಾಕಿಸಿ, ಟಿವಿ ಆರಿಸಿ, ಎದುರು ಕುಳಿತು ಅವರ ಕೈ ಹಿಡಿದುಕೊಳ್ಳಿ. ‘ನಾನು ಅ ಎಂದಾಗ ಮಾತ್ರ ಕೈ ಅದುಮಿ’ ಎಂದು ಹೇಳಿ, ನಿಧಾನವಾಗಿ ಒಂದೊಂದೇ ಅಕ್ಷರ ಉಚ್ಚರಿಸಿ: ಕ, ಅ, ಮ, ಟ, ಅ, ರ, ಅ, ಅ, ನ, ಪ. ‘ಅ’ ಬಂದಾಗ ಅದುಮದಿದ್ದರೆ ಒಂದು ತಪ್ಪು, ಬೇರೆ ಅಕ್ಷರಕ್ಕೆ ಅದುಮಿದರೂ ಒಂದು ತಪ್ಪು. ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವುದು ಇನ್ನೊಂದು ದಾರಿ. ಕಾಯಿಲೆ ಮುಂದುವರಿದವರಿಗೆ ಇದು ಎಂದಿನ ದಿನವೂ ಕಷ್ಟವೇ, ಆದ್ದರಿಂದ ಒಂದು ಸಲದ ಅಂಕ ನೋಡಿ ತೀರ್ಮಾನಿಸಬೇಡಿ. ಮೊದಲು ಮಾಡುತ್ತಿದ್ದುದು ಇವತ್ತು ಆಗುತ್ತಿಲ್ಲ ಎಂಬುದಷ್ಟೇ ಮುಖ್ಯ. ಈ ಪರೀಕ್ಷೆಯೇ ಆಗದಷ್ಟು ಕಾಯಿಲೆ ಬಲಿತವರಲ್ಲಿ ಎಚ್ಚರವನ್ನೂ ಚಲನೆಯನ್ನೂ ಗಮನಿಸಿ: ಮಾತಾಡಿಸುವಾಗಲೇ ತೂಕಡಿಸುವುದು, ನಿನ್ನೆ ತಾವೇ ಎದ್ದು ನಿಲ್ಲುತ್ತಿದ್ದವರು ಇವತ್ತು ಕೂತಲ್ಲೇ ಒಂದು ಕಡೆಗೆ ವಾಲುವುದು.

ಕೂಗಾಡುವ, ಹಾಸಿಗೆಯಿಂದ ಏಳಲು ಹೆಣಗುವ, ಇಲ್ಲದವರನ್ನು ಕಾಣುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಿಹೋಗುವುದು ಸದ್ದಿಲ್ಲದ ಬಗೆ. ವಯಸ್ಸಾದವರಲ್ಲಿ ಅದು ಸಾಮಾನ್ಯ ಕೂಡ. ಇಡೀ ದಿನ ಮಂಕಾಗಿ ಮಲಗಿರುತ್ತಾರೆ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. ಬಾಯಿಗಿಟ್ಟ ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ, ಅಗಿಯುವುದು ಅರ್ಧಕ್ಕೇ ನಿಲ್ಲುತ್ತದೆ. ಹೊದಿಕೆಯ ನೂಲನ್ನು ಬೆರಳುಗಳು ಸುಮ್ಮನೆ ಕೀಳುತ್ತಿರುತ್ತವೆ. ‘ಇವತ್ತು ಗಲಾಟೆಯಿಲ್ಲ, ಮಲಗಲಿ ಬಿಡಿ’ ಎನ್ನಿಸುವುದು ಸಹಜ, ಅಪಾಯ ಇರುವುದೂ ಅಲ್ಲೇ. ಒಬ್ಬರಲ್ಲೇ ಹಗಲು ಮಂಕು, ರಾತ್ರಿ ತಳಮಳ ಎರಡೂ ಬರುವುದುಂಟು. ಮಧ್ಯಾಹ್ನ ಒಂದು ಗಂಟೆ ಸರಿಯಾಗಿ ಮಾತಾಡಿದರೆಂದು ಸಮಾಧಾನಪಡಬೇಡಿ, ಏರಿಳಿತವೇ ಇದರ ಲಕ್ಷಣ.

ಎರಡು ಕಡೆ ಗೊಂದಲವಾಗುತ್ತದೆ. ತಿಂಗಳುಗಟ್ಟಲೆಯಿಂದ ದಿನವೂ ಸಂಜೆ ಬರುವ ಚಡಪಡಿಕೆ ಡಿಮೆನ್ಷಿಯಾದ್ದೇ ಇರಬಹುದು. ಈ ವಾರ ಹೊಸದಾಗಿ ಶುರುವಾದದ್ದು ಬೇರೆ. ಇನ್ನೊಂದು, ಲೂಯಿ ಬಾಡಿ ಡಿಮೆನ್ಷಿಯಾ. ಅದರಲ್ಲಿ ಏರಿಳಿತ, ಇಲ್ಲದ್ದು ಕಾಣುವುದು ಎರಡೂ ಮಾಮೂಲು, ಅಲ್ಲಿ ಅವರ ಎಂದಿನ ರೀತಿಗೆ ಹೋಲಿಸಿಯೇ ಹೇಳಬೇಕು. ತಳಮಳ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧ ಅಂಥವರಿಗೆ ಗಂಭೀರ ಹಾನಿ ಮಾಡಬಲ್ಲದು, ಆಸ್ಪತ್ರೆಯಲ್ಲಿ ಕೇಳುವ ಮೊದಲೇ ಆ ಕಾಯಿಲೆಯ ಹೆಸರು ಹೇಳಿಬಿಡಿ.

ಅನುಮಾನ ಬಂದ ದಿನವೇ ವೈದ್ಯರಿಗೆ ತೋರಿಸಬೇಕು. ಈ ಕೆಳಗಿನವುಗಳಲ್ಲಿ ಒಂದಿದ್ದರೂ ಕಾಯದೆ ತುರ್ತು ಚಿಕಿತ್ಸೆಗೆ ಹೊರಡಿ:

- ಅಲುಗಾಡಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಫಿಟ್ಸ್
- ಉಸಿರಾಟದ ಕಷ್ಟ, ಎದೆನೋವು
- ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು
- ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿರುವುದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಇನ್ನಷ್ಟು ಅವಸರ

ಸಕ್ಕರೆ ಕಾಯಿಲೆ ಇದ್ದರೆ ತಕ್ಷಣ ಗ್ಲುಕೋಮೀಟರ್ ಹಾಕಿ ನೋಡಿ. 70ಕ್ಕಿಂತ ಕಡಿಮೆಯಿದ್ದು, ಎಚ್ಚರವಾಗಿ ನುಂಗಬಲ್ಲವರಾದರೆ ಸಕ್ಕರೆ ನೀರು ಕೊಡಿ. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ವೈದ್ಯರ ಬಳಿ ಹೋಗುವಾಗ ಬರೀ ‘ಗೊಂದಲ’ ಎಂದರೆ ಸಾಲದು. ಯಾವ ದಿನ, ಸುಮಾರು ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಹೇಳಿ. ಕಳೆದ ಎರಡು ವಾರದಲ್ಲಿ ಹೊಸದಾಗಿ ಶುರುಮಾಡಿದ, ನಿಲ್ಲಿಸಿದ, ಪ್ರಮಾಣ ಬದಲಿಸಿದ ಔಷಧಗಳನ್ನೆಲ್ಲ ಒಯ್ಯಿರಿ, ಅಂಗಡಿಯಲ್ಲಿ ಕೇಳಿ ತಂದ ಶೀತದ ಮಾತ್ರೆಯನ್ನೂ ಸೇರಿಸಿ. ಅಂಥ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್ — ಇವೆಲ್ಲ ನೆನಪಿಗೂ ಗಮನಕ್ಕೂ ಬೇಕಾದ ಮಿದುಳಿನ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ಗೆ ಅಡ್ಡಬರುತ್ತವೆ. ಅಲ್ಜೈಮರ್ಸ್‌ನಲ್ಲಿ ಅದು ಮೊದಲೇ ಕಡಿಮೆ, ಹಾಗಾಗಿ ಸಣ್ಣ ಪ್ರಮಾಣವೂ ಏಟು ಕೊಡುತ್ತದೆ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳೂ ಬೇರೆ ರೀತಿಯಲ್ಲಿ ಡೆಲಿರಿಯಂ ತರಬಲ್ಲವು. ದಿನವೂ ತೆಗೆದುಕೊಳ್ಳುತ್ತಿದ್ದ ನಿದ್ದೆ ಮಾತ್ರೆಯನ್ನೋ ಮದ್ಯವನ್ನೋ ಒಮ್ಮೆಲೇ ನಿಲ್ಲಿಸಿದರೂ ಡೆಲಿರಿಯಂ ಬರುತ್ತದೆ, ಆದ್ದರಿಂದ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಕೊನೆಯ ಸಲ ಮಲವಿಸರ್ಜನೆ ಆದದ್ದು ಯಾವಾಗ, ನೀರು ಎಷ್ಟು ಕುಡಿದರು, ಮೂತ್ರ ಹೋಯಿತೇ ಎಂಬುದೂ ಬೇಕು. ಕೆಳಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದು ಮೂತ್ರ ತೊಟ್ಟಿಕ್ಕುತ್ತಿದ್ದರೆ ಮೂತ್ರಕೋಶ ತುಂಬಿ ಕಟ್ಟಿಕೊಂಡಿರಬಹುದು. ಮಗ್ಗುಲು ಬದಲಿಸುವಾಗ ಮುಖ ಕಿವುಚಿದರೆ ನೋವಿದೆ ಎಂದೇ ತಿಳಿಯಿರಿ, ಬಾಯಿಬಿಟ್ಟು ಹೇಳಲು ಅವರಿಗೆ ಆಗದಿರಬಹುದು. ಜ್ವರವಿಲ್ಲವೆಂದು ಸೋಂಕಿಲ್ಲ ಎನ್ನುವಂತಿಲ್ಲ, ವಯಸ್ಸಾದವರಲ್ಲಿ ನ್ಯುಮೋನಿಯಾ ಬಂದರೂ ಮೈ ಬಿಸಿಯಾಗದೇ ಇರಬಹುದು. ಇದರ ಉಲ್ಟಾ ತಪ್ಪೂ ಆಗುತ್ತದೆ: ವೃದ್ಧರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬ್ಯಾಕ್ಟೀರಿಯಾ ಇರುವುದು ತುಂಬಾ ಸಾಮಾನ್ಯ. ಮೂತ್ರಪರೀಕ್ಷೆಯಲ್ಲಿ ಅದು ಕಂಡಿತೆಂದು ಉಳಿದ ಕಾರಣಗಳನ್ನು ಹುಡುಕುವುದನ್ನೇ ಬಿಟ್ಟುಬಿಟ್ಟರೆ ನಿಜವಾದದ್ದು ಒಳಗೇ ಉಳಿಯುತ್ತದೆ. ಸೋಡಿಯಂ, ರಕ್ತದ ಆಮ್ಲಜನಕ, ಇಸಿಜಿ ನೋಡಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಚಿಕಿತ್ಸೆ ನಡೆಯುವಾಗ ಪರಿಚಿತರೊಬ್ಬರು ಪಕ್ಕದಲ್ಲಿರುವುದು ತುಂಬಾ ಮುಖ್ಯ. ಚಿಕ್ಕ ವಾಕ್ಯಗಳಲ್ಲಿ ಮಾತಾಡಿ, ಹಗಲು ಬೆಳಕು ಬರಲಿ, ರಾತ್ರಿ ಎಬ್ಬಿಸುವುದು ಕಡಿಮೆಯಾಗಲಿ. ಅವರು ಕಂಡದ್ದು ಸುಳ್ಳೆಂದು ವಾದಿಸಬೇಡಿ, ‘ಹೆದರಬೇಡಿ, ನಾನಿದ್ದೇನೆ’ ಎನ್ನಿ. ಕೈಕಾಲು ಕಟ್ಟಿಹಾಕಿದರೆ ತಳಮಳ ಹೆಚ್ಚುತ್ತದೆ, ಗಾಯವೂ ಆಗುತ್ತದೆ.

ಕಾರಣ ಸರಿಹೋದ ಮೇಲೂ ಮನಸ್ಸು ತಿಳಿಯಾಗಲು ದಿನಗಳು, ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕಾಗುತ್ತವೆ. ಕೆಲವರು ಪೂರ್ತಿ ಮೊದಲಿನಂತಾಗುವುದಿಲ್ಲ. ಆಸ್ಪತ್ರೆಯಿಂದ ಬರುವಾಗ, ತಳಮಳ ತಗ್ಗಿಸಲೆಂದು ಅಲ್ಲಿ ಶುರುಮಾಡಿದ ಮಾತ್ರೆ ಯಾವುದು, ಅದನ್ನು ಯಾವ ದಿನ ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.